ಗೋಡೆಯ ಮೇಲಿನ ಪಟ ಯಾರದು?

ನಮ್ಮ ಶಂಕರನಾರಾಯಣದ ಸುತ್ತಿನ ಹಳೆಯ ಮನೆಗಳ ಚಾವಡಿಗೆ ಹೋದರೆ ಹಿರಿಯರ ಫೋಟೋ, ಗಡಿಯಾರ, ಕ್ಯಾಲೆಂಡರುಗಳ ನಡುವೆ ಒಂದು ಕಸೂತಿಯ ಪಟ ಕಣ್ಣಿಗೆ ಬೀಳುತ್ತದೆ. ಮ್ಯಾಟಿ ಬಟ್ಟೆಯ ಮೇಲೆ ಬಣ್ಣದ ನೂಲಿನಲ್ಲಿ ಹಾಕಿದ ಕೊಳಲು ಕೃಷ್ಣ, ಗಣಪತಿ, ಇಲ್ಲವೇ ಕಮಲದ ಮೇಲೆ ಕೂತ ಲಕ್ಷ್ಮಿ. ಮರದ ಕಟ್ಟು, ಮುಂದೆ ಗಾಜು. ವರ್ಷ ವರ್ಷದ ಮಳೆಗಾಲದ ತೇವಕ್ಕೆ ಬಟ್ಟೆಯ ಅಂಚು ಹಳದಿಯಾಗಿರುತ್ತದೆ. ಕೇಳಿದರೆ "ಅದು ನಮ್ಮ ಅಮ್ಮ ಮದುವೆಗೆ ಮೊದಲು ಹಾಕಿದ್ದು" ಎನ್ನುತ್ತಾರೆ, ಇಲ್ಲವೇ "ಅತ್ತಿಗೆ ಬರುವಾಗ ತಂದದ್ದು" ಎನ್ನುತ್ತಾರೆ. ಪಟದ ಮೇಲೆ ಹಾಕಿದವಳ ಹೆಸರು ಇರುವುದು ಅಪರೂಪ.

ಅಕ್ಕತಂಗಿಯರೇ, ಈ ಪಟದ ಬಗ್ಗೆ ನಾನು ಇಷ್ಟು ದಿನ ಯೋಚಿಸಿದವಳೇ ಅಲ್ಲ. ನಮ್ಮ ಹೋರಾಟಕ್ಕೂ ಗೋಡೆಯ ಮೇಲಿನ ದೇವರ ಪಟಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ ಎಂದು ನನಗೆ ಕಲಿಸಿದವಳು ನಮ್ಮ ಸಂಘದ ಒಬ್ಬ ಸದಸ್ಯೆ. ಅವಳ ಹೆಸರು ಬೇಡ, ಊರೂ ಬೇಡ.

ಅವಳು ಹುಡುಗಿಯಾಗಿದ್ದಾಗ ಯಶೋದೆ-ಕೃಷ್ಣರ ಪಟ ಹಾಕಿದ್ದಳು. ಎರಡು ಮಳೆಗಾಲ ಹಿಡಿಯಿತಂತೆ. ಗದ್ದೆ ಕೆಲಸ, ಹಟ್ಟಿ ಕೆಲಸ ಮುಗಿಸಿ ಜಗಲಿಯ ಬೆಳಕಿನಲ್ಲಿ ಕೂತು ಚೌಕ ಎಣಿಸಿ ಎಣಿಸಿ ಹಾಕಿದ್ದು. ಹೆಣ್ಣು ನೋಡಲು ಬಂದವರಿಗೆ ಕಾಫಿ ತಿಂಡಿಯ ಜೊತೆಗೆ ಆ ಪಟವನ್ನೂ ತೋರಿಸಿದರು. ಗಂಡಿನ ಕಡೆಯ ಹಿರಿಯರೊಬ್ಬರು ಅದನ್ನು ಕೈಯಲ್ಲಿ ಹಿಡಿದು ನೋಡಿ "ಹುಡುಗಿಗೆ ತಾಳ್ಮೆ ಉಂಟು" ಎಂದರು. ಮದುವೆಯಾಯಿತು. ಬಂಗಾರ, ಕಪಾಟು, ಪಾತ್ರೆಗಳ ಜೊತೆ ಪಟವೂ ಗಂಡನ ಮನೆಗೆ ಹೋಗಿ ಚಾವಡಿಯ ಗೋಡೆ ಏರಿತು. ಬಂದ ನೆಂಟರೆಲ್ಲ ಪಟವನ್ನು ಹೊಗಳಿದರು. ಅದೇ ಚಾವಡಿಯಲ್ಲಿ, ಆ ಪಟದ ಕೆಳಗೇ, ತವರಿನಿಂದ ಇನ್ನಷ್ಟು ಹಣ ತರಲಿಲ್ಲವೆಂದು ಅವಳಿಗೆ ಹೊಡೆತ ಬಿದ್ದವು. ಹನ್ನೊಂದು ವರ್ಷ ಅವಳು ತಾಳಿಕೊಂಡಳು. ಅಂದು ಆ ಹಿರಿಯರು ಮೆಚ್ಚಿದ ತಾಳ್ಮೆ ಇದೇ ಆಗಿತ್ತು.

ಕೊನೆಗೆ ಎರಡು ಮಕ್ಕಳನ್ನು ಕರೆದುಕೊಂಡು, ಒಂದು ಬಟ್ಟೆಯ ಚೀಲ ಹಿಡಿದು ತವರಿಗೆ ಬಂದಳು. ಅವಳ ಸಾಮಾನು ಕೇಳಲು ಸಂಘದಿಂದ ನಾವು ನಾಲ್ವರು ಜೊತೆಗೆ ಹೋದೆವು. ನಮ್ಮ ಕೈಯಲ್ಲಿ ಒಂದು ಪಟ್ಟಿ ಇತ್ತು: ಬಳೆ, ಸರ, ಬೆಂಡೋಲೆ, ಕಪಾಟು, ಹಂಡೆ, ಚೊಂಬು. ಮಾತಿಗೆ ಮಾತು ಬೆಳೆದು, ಅರ್ಧ ಸಿಕ್ಕಿ ಅರ್ಧ ಸಿಗದೆ ಹೊರಡುವ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತು ಗೋಡೆಯ ಕಡೆ ತಿರುಗಿ "ಆ ಪಟ" ಎಂದಳು. ಅತ್ತೆ "ಅದು ದೇವರ ಪಟ, ಮನೆಯಿಂದ ಇಳಿಸುವ ಹಾಗಿಲ್ಲ" ಎಂದರು. ನಾನು, ಇಷ್ಟು ವರ್ಷ ಹೆಂಗಸರ ಹಕ್ಕು ಎಂದು ಭಾಷಣ ಮಾಡಿದವಳು, ಏನು ಹೇಳಿದೆ ಗೊತ್ತೇ? "ಹೋಯ್ಲಿ ಬಿಡ್ ಹೆಣೆ, ಬರೀ ನೂಲ್ ಅಲ್ದಾ" ಎಂದೆ.

ರಿಕ್ಷಾದಲ್ಲಿ ಹಾಲಾಡಿ ಬರುವವರೆಗೆ ಅವಳು ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಹೇಳಿದಳು: "ಅಕ್ಕಾ, ಬಂಗಾರ ಅಪ್ಪಯ್ಯ ಕೊಟ್ಟದ್. ಆ ಪಟ ಒಂದೇ ನಾ ಮಾಡದ್."

ನಾನು ತಪ್ಪಿದ್ದೆ. ಆ ತಪ್ಪು ನನ್ನೊಬ್ಬಳದ್ದಲ್ಲ. ಹೆಣ್ಣಿನ ಕೈಕೆಲಸವನ್ನು ಅವಳ ಗುಣಕ್ಕೆ ಸಿಕ್ಕ ಸರ್ಟಿಫಿಕೇಟೆಂದು ನಾವೆಲ್ಲ ನೋಡುತ್ತೇವೆ. ಅದನ್ನು ಅವಳ ದುಡಿಮೆ ಎಂದು, ಅವಳ ಸೊತ್ತು ಎಂದು ನೋಡುವುದಿಲ್ಲ. ಹೆಣ್ಣು ನೋಡುವ ದಿನ ಅದಕ್ಕೆ ಬೆಲೆ ಇದೆ. ಅವಳು ಮನೆ ಬಿಟ್ಟು ಬರುವ ದಿನ ಅದು ಬರೀ ನೂಲು. ಈ ಲೆಕ್ಕವನ್ನು ನಾವು ಬದಲಿಸಬೇಕು.

ಅಂದಿನಿಂದ ಇಂಥ ಪಟ ನಮ್ಮ ಗೋಡೆಗೆ ಎಲ್ಲಿಂದ ಬಂತು ಎಂಬ ಯೋಚನೆ ಹತ್ತಿತು. ಸೂಜಿ-ನೂಲು ನಮಗೆ ಹೊಸತಲ್ಲ. ಧಾರವಾಡದ ಕಡೆಯ ಹೆಂಗಸರು ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ನಂದಿ, ಆನೆಗಳನ್ನು ಕಸೂತಿಯಲ್ಲಿ ಎಷ್ಟೋ ತಲೆಮಾರಿನಿಂದ ಹಾಕಿಕೊಂಡು ಬಂದಿದ್ದಾರೆ. ಎಳೆ ಎಣಿಸಿ ಹಾಕುವ ಆ ಕೆಲಸದಲ್ಲಿ ಗಂಟು ಇರುವುದಿಲ್ಲ. ಒಳ್ಳೆಯ ಗವಂತಿ ಹೊಲಿಗೆ ಹಾಕಿದರೆ ಒಳಗೂ ಹೊರಗೂ ಒಂದೇ ರೀತಿ ಕಾಣುತ್ತದೆ. ಆದರೆ ಅದು ಉಡುವ ಸೀರೆ. ಗಾಜು ಹಾಕಿ ಗೋಡೆಗೆ ತೂಗುಹಾಕುವ ದೇವರ ಪಟಕ್ಕೆ ಬೇರೆ ದಾರಿಗಳಿದ್ದವು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿ, ಯಶೋದೆ-ಕೃಷ್ಣರ ಬಣ್ಣದ ಪಟಗಳು ಮನೆ ಮನೆಗೆ ಬಂದವು. ಆ ಕಾಗದದ ಪಟಗಳ ಮೇಲೆಯೇ ಜರಿ, ಬಟ್ಟೆ, ಮಿಣುಕಿನ ಬಿಲ್ಲೆಗಳನ್ನು ಹೊಲಿದು ದೇವಿಗೆ ಸೀರೆ ಉಡಿಸಿದ ಪಟಗಳು ಇಂದಿಗೂ ಸಂಗ್ರಹಗಳಲ್ಲಿ ಇವೆ. ಇನ್ನೊಂದು ದಾರಿ ಶಾಲೆಯದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆಗೆ ಸೂಜಿ ಕೆಲಸವೂ ಪಾಠವಾಗಿತ್ತು. ನಾವು 'ಕ್ರಾಸ್ ಸ್ಟಿಚ್' ಎಂದು ಇಂದಿಗೂ ಇಂಗ್ಲಿಷ್ ಹೆಸರಿನಲ್ಲೇ ಕರೆಯುವ ಹೊಲಿಗೆ ಯುರೋಪಿನ ಹುಡುಗಿಯರು ಶತಮಾನಗಳಿಂದ ಕಲಿತದ್ದು.

ಆ ದೇಶದ ಹುಡುಗಿಯರೂ ದೇವರ ಕಥೆಗಳನ್ನೇ ಹಾಕುತ್ತಿದ್ದರು. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಅನುಕೂಲಸ್ಥರ ಮನೆಗಳಲ್ಲಿ ಹನ್ನೊಂದು ಹನ್ನೆರಡು ವರ್ಷದ ಹುಡುಗಿಯರು ಬಿಳಿ ಸ್ಯಾಟಿನ್ ಬಟ್ಟೆಯ ಮೇಲೆ ರೇಷ್ಮೆ ನೂಲು, ಬೆಳ್ಳಿಯ ಎಳೆ, ಮಣಿಗಳಿಂದ ಬೈಬಲಿನ ಪ್ರಸಂಗಗಳನ್ನು ಹಾಕುತ್ತಿದ್ದರು. ನಮ್ಮವರು ರವಿವರ್ಮನ ಪಟವನ್ನು ಮುಂದಿಟ್ಟುಕೊಂಡಂತೆ ಅವರು ಅಚ್ಚಾದ ಚಿತ್ರಗಳನ್ನು ನೋಡಿ ನಕ್ಷೆ ಇಳಿಸಿಕೊಳ್ಳುತ್ತಿದ್ದರು. ಕೆಲವರು ಚಿತ್ರಗಳನ್ನು ಚೌಕಟ್ಟಿಗೆ ಹಾಕಿಸಿದರು. ಕೆಲವರು ಅವನ್ನು ಜೋಡಿಸಿ ಒಡವೆ, ಕಾಗದ, ಸೂಜಿ-ನೂಲು ಇಡುವ ಪುಟ್ಟ ಪೆಟ್ಟಿಗೆ ಮಾಡಿಸಿದರು. ಇಂದು ಅವು ದೊಡ್ಡ ಸಂಗ್ರಹಾಲಯಗಳಲ್ಲಿವೆ, ಹರಾಜಿನಲ್ಲಿ ಲಕ್ಷಾಂತರ ರೂಪಾಯಿಗೆ ಹೋಗುತ್ತವೆ.

ಬೆಲೆಯ ಮಾತು ಇಲ್ಲಿ ನನಗೆ ಮುಖ್ಯವಲ್ಲ. ಅವುಗಳಲ್ಲಿ ಕೆಲವನ್ನು ಹಾಕಿದವಳು ಯಾರೆಂದು ಮುನ್ನೂರೈವತ್ತು ವರ್ಷದ ಮೇಲೂ ನಮಗೆ ಗೊತ್ತಿದೆ. ಹೇಗೆ ಗೊತ್ತಾಯಿತು ಎಂಬುದು ಮುಖ್ಯ.

ಹನ್ನಾ ಸ್ಮಿತ್ ಎಂಬ ಹುಡುಗಿಯ ಪೆಟ್ಟಿಗೆ ಮ್ಯಾಂಚೆಸ್ಟರಿನ ವಿಟ್ವರ್ತ್ ಕಲಾಶಾಲೆಯಲ್ಲಿದೆ. ಅದರೊಳಗೆ ಅವಳೇ ಬರೆದಿಟ್ಟ ಚೀಟಿ ಸಿಕ್ಕಿತು. 1654ರಲ್ಲಿ, ಹತ್ತಿರ ಹತ್ತಿರ 12 ವರ್ಷವಾಗಿದ್ದಾಗ ತಾನು ಆಕ್ಸ್‌ಫರ್ಡಿಗೆ ಹೋದೆ, ಅಲ್ಲಿಯೇ ಈ ಕೆಲಸ ಮುಗಿಸಿದೆ, 1656ರಲ್ಲಿ ಲಂಡನ್ನಿನಲ್ಲಿ ಇದನ್ನು ಪೆಟ್ಟಿಗೆಯಾಗಿ ಜೋಡಿಸಿದರು ಎಂದು ಅದರಲ್ಲಿದೆ. ಮುಂದೆ ತನಗೆ ಮರೆತುಹೋದರೆ ನೋಡಿಕೊಳ್ಳಲು, ಬೇರೆ ಯಾರಾದರೂ ವಿಚಾರಿಸಿದರೆ ಅವರಿಗೆ ತಿಳಿಯಲು ಬರೆದಿಟ್ಟಿದ್ದೇನೆ ಎಂದು ಕೆಳಗೆ ಹೆಸರು ಹಾಕಿದ್ದಾಳೆ. ಹದಿನೈದು ತುಂಬದ ಹುಡುಗಿಗೆ ಇದ್ದ ಬುದ್ಧಿ ನಮಗೆ ಯಾಕೆ ಬರಲಿಲ್ಲ?

ಮಾರ್ಥಾ ಎಡ್ಲಿನ್ ಎಂಬ ಇನ್ನೊಬ್ಬಳು 1660ರಲ್ಲಿ ಹುಟ್ಟಿದವಳು. 1668ರಲ್ಲಿ, ಎಂಟನೆಯ ವಯಸ್ಸಿಗೆ, ಹೊಲಿಗೆಗಳ ಮಾದರಿ ಬಟ್ಟೆ ಹಾಕಿದಳು. 1671ರಲ್ಲಿ ಕಸೂತಿಯ ಪೆಟ್ಟಿಗೆ ಮುಗಿಸಿದಳು. ಅವಳ ಕೆಲಸಗಳು ಅವಳ ಮನೆತನದ ಹೆಣ್ಣುಮಕ್ಕಳ ಕೈಯಿಂದ ಕೈಗೆ ಮುನ್ನೂರು ವರ್ಷ ದಾಟಿ ಬಂದು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿವೆ. ಹೆಣ್ಣಿನ ಕಡೆಯಿಂದ ಸೊತ್ತು ಇಳಿದು ಬರುವುದು ನಮ್ಮ ಕರಾವಳಿಗೆ ಹೊಸತೇನಲ್ಲ. ಅಳಿಯಕಟ್ಟು ನಡೆದ ನಾಡು ಇದು. ಆ ಕಟ್ಟಿನ ಮನೆಗಳಲ್ಲೂ ಇಂದು ವರದಕ್ಷಿಣೆ ಕೊಟ್ಟು ಹೆಣ್ಣನ್ನು ಕಳಿಸುತ್ತಿದ್ದೇವೆ ಎಂಬುದು ನಾವು ನಾಚಬೇಕಾದ ಸಂಗತಿ.

ಇನ್ನೂ ಹಿಂದಕ್ಕೆ ಹೋದರೆ, 1240ರ ಸುಮಾರಿಗೆ ಇಂಗ್ಲೆಂಡಿನ ಮೂರನೆಯ ಹೆನ್ರಿ ದೊರೆಗೆ ಚರ್ಚಿನ ಉಡುಪು, ಧ್ವಜಗಳನ್ನು ಕಸೂತಿಯಲ್ಲಿ ಮಾಡಿಕೊಟ್ಟ ಮೇಬಲ್ ಎಂಬ ಹೆಂಗಸು ಸಿಗುತ್ತಾಳೆ. ಅವಳು ಮಾಡಿದ ಕೆಲಸ ಇಂದು ಕಣ್ಣಿಗೆ ಕಾಣಲು ಉಳಿದಿಲ್ಲ. ಹೆಸರು ಮಾತ್ರ ಉಳಿದಿದೆ. ಕಾರಣ ಸರಳ: ಅವಳಿಗೆ ಕೊಟ್ಟ ಹಣವನ್ನು ಅರಮನೆಯ ಲೆಕ್ಕದಲ್ಲಿ ಬರೆದಿಟ್ಟಿದ್ದರು. ಸ್ವಸಹಾಯ ಸಂಘದ ಪುಸ್ತಕ ಬರೆಯುವ ಸೋದರಿಯರು ಇದನ್ನು ಗಮನಿಸಬೇಕು. ಪುಸ್ತಕಕ್ಕೆ ಹತ್ತಿದ ಹೆಂಗಸು ಎಂಟು ನೂರು ವರ್ಷ ಉಳಿಯುತ್ತಾಳೆ. ಪುಸ್ತಕಕ್ಕೆ ಹತ್ತದವಳ ಪಟ ಅವಳ ಕಣ್ಣೆದುರೇ ಬೇರೆಯವರದಾಗುತ್ತದೆ.

ಅಲ್ಲಿಯ ಹೆಂಗಸರ ಬದುಕು ಸುಖವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಸೂಜಿ ಹಿಡಿಸಿದ್ದು ಹುಡುಗಿ ತಲೆ ತಗ್ಗಿಸಿ ಸುಮ್ಮನೆ ಕೂರಲಿ, ಒಳ್ಳೆಯ ಮದುವೆಯಾಗಲಿ ಎಂದೇ. ರೋಜ಼ಿಕಾ ಪಾರ್ಕರ್ ಎಂಬ ಇಂಗ್ಲೆಂಡಿನ ಸ್ತ್ರೀವಾದಿ ಲೇಖಕಿ 1984ರಲ್ಲಿ ಕಸೂತಿಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಹೆಣ್ಣನ್ನು ಪಳಗಿಸಲು ಕಸೂತಿಯನ್ನು ಬಳಸಿದರು, ಹೆಣ್ಣು ಅದೇ ಕಸೂತಿಯನ್ನು ತನ್ನ ಮಾತು ಹೇಳಲು ಬಳಸಿಕೊಂಡಳು ಎಂಬುದು ಅವರ ವಾದ. ಕಾನೂನಂತೂ ಅಲ್ಲಿ ಹೆಂಗಸಿನ ಪರವಾಗಿ ಇರಲೇ ಇಲ್ಲ. ಮದುವೆಯಾದ ಕೂಡಲೇ ಅವಳ ಒಡವೆ, ವಸ್ತು, ಸಂಪಾದನೆ ಗಂಡನದಾಗುತ್ತಿತ್ತು. 1870ರಲ್ಲಿ ಸ್ವಲ್ಪ, 1882ರ ಕಾಯಿದೆಯಿಂದ ಪೂರ್ತಿಯಾಗಿ, ವಿವಾಹಿತೆಗೆ ತನ್ನ ಸೊತ್ತಿನ ಮೇಲೆ ಹಕ್ಕು ಬಂತು. ಮಾರ್ಥಾಳ ಪೆಟ್ಟಿಗೆಯನ್ನು ಉಳಿಸಿದ್ದು ಕಾನೂನಲ್ಲ, ಅವಳ ಮನೆತನದ ಹೆಂಗಸರ ಹಟ.

ಅವರು ಆರಿಸಿಕೊಂಡ ಕಥೆಗಳನ್ನೂ ನೋಡಿ. ಆ ಪಟಗಳಲ್ಲಿ ಮತ್ತೆ ಮತ್ತೆ ಬರುವವಳು ಎಸ್ತರ್ ರಾಣಿ. ಕರೆಯದೆ ಅರಸನ ಮುಂದೆ ಹೋದವರಿಗೆ ಮರಣದಂಡನೆ ಎಂಬ ಕಟ್ಟಳೆ ಇದ್ದ ಅರಮನೆಯಲ್ಲಿ, ಅವನು ತನ್ನ ಗಂಡನೇ ಆಗಿದ್ದರೂ, ಜೀವದ ಆಸೆ ಬಿಟ್ಟು ಒಳಗೆ ಹೋಗಿ ತನ್ನ ಜನರನ್ನು ಉಳಿಸಿದವಳು. ಸೂಸನ್ನಳ ಕಥೆಯೂ ಬರುತ್ತದೆ. ಸ್ನಾನ ಮಾಡುತ್ತಿದ್ದವಳನ್ನು ಊರಿನ ಇಬ್ಬರು ಹಿರಿಯರು ಬಲವಂತಕ್ಕೆ ಕರೆದರು. ಒಪ್ಪದಿದ್ದಾಗ ಅವಳ ಮೇಲೆಯೇ ಹಾದರದ ಅಪವಾದ ಹೊರಿಸಿದರು. ದಾನಿಯೇಲನು ಆ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಪ್ರಶ್ನಿಸಿ ಅವರ ಸುಳ್ಳನ್ನು ಬಯಲು ಮಾಡಿದ. ಹನ್ನಾಳ ಪೆಟ್ಟಿಗೆಯ ಬಾಗಿಲ ಮೇಲೆ ಇರುವವಳು ಯಾಯೇಲ್, ತನ್ನ ಡೇರೆಗೆ ಬಂದ ಶತ್ರು ಸೇನಾಪತಿಯನ್ನು ಡೇರೆಯ ಗೂಟದಿಂದಲೇ ಕೊಂದವಳು. ಹನ್ನೆರಡು ವರ್ಷದ ಹುಡುಗಿ ತಲೆ ತಗ್ಗಿಸಿ ಹಾಕಿದ್ದು ಇಂಥ ಹೆಂಗಸರನ್ನು.

ನಾವು ನಮ್ಮ ಹೆಣ್ಣುಮಕ್ಕಳಿಗೆ ಯಾವ ನಕ್ಷೆ ಕೊಟ್ಟೆವು? ಲಕ್ಷ್ಮಿ ಗಂಡನ ಕಾಲು ಒತ್ತುವುದನ್ನು ಕೊಟ್ಟೆವು, ಸಾವಿತ್ರಿ ಗಂಡನ ಪ್ರಾಣಕ್ಕಾಗಿ ಯಮನ ಹಿಂದೆ ಹೋಗುವುದನ್ನು ಕೊಟ್ಟೆವು. ತುಂಬಿದ ಸಭೆಯಲ್ಲಿ ನಿಂತು, ತನ್ನನ್ನು ತಾನೇ ಸೋತವನಿಗೆ ನನ್ನನ್ನು ಪಣಕ್ಕೆ ಇಡುವ ಹಕ್ಕು ಎಲ್ಲಿಂದ ಬಂತು ಎಂದು ಕೇಳಿದ ದ್ರೌಪದಿಯ ನಕ್ಷೆಯನ್ನು ಮ್ಯಾಟಿ ಬಟ್ಟೆಯ ಮೇಲೆ ನಾನು ಇಂದಿನವರೆಗೆ ಕಂಡಿಲ್ಲ. ರಾತ್ರಿಯಿಡೀ ಯಕ್ಷಗಾನದಲ್ಲಿ ಅವಳ ಮಾತು ಕೇಳುವ ಊರು ನಮ್ಮದು. ಅವಳು ಆಟದಲ್ಲಿ ಇರಬಹುದು, ಮನೆಯ ಗೋಡೆಯ ಮೇಲೆ ಬೇಡ ಎಂದು ತೀರ್ಮಾನಿಸಿದವರು ಯಾರು?

ಇನ್ನೊಬ್ಬಳ ವಿಷಯ ಹೇಳದೆ ಇಂಗ್ಲೆಂಡನ್ನು ಬಿಡಲಾರೆ. ಇವಳು ಅನುಕೂಲಸ್ಥರ ಮನೆಯ ಹುಡುಗಿಯಲ್ಲ, ಮನೆಗೆಲಸದವಳು. ಹೆಸರು ಎಲಿಜ಼ಬೆತ್ ಪಾರ್ಕರ್, 1813ರಲ್ಲಿ ಸಸೆಕ್ಸಿನಲ್ಲಿ ಹುಟ್ಟಿದವಳು. ಎಳೆಯ ವಯಸ್ಸಿನಲ್ಲೇ ಕೆಲಸಕ್ಕೆ ಸೇರಿದಳು. ಒಂದು ಮನೆಯ ಯಜಮಾನ ಅವಳನ್ನು ಕ್ರೂರವಾಗಿ ನಡೆಸಿಕೊಂಡ, ಮೆಟ್ಟಿಲಿನಿಂದ ಕೆಳಗೆ ತಳ್ಳಿದ. ಅವಳು ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋದಳು. ಸುಮಾರು 1830ರಲ್ಲಿ ಇದನ್ನೆಲ್ಲ ಅವಳು ಬಟ್ಟೆಯ ಮೇಲೆ ಕೆಂಪು ರೇಷ್ಮೆಯ ನೂಲಿನಲ್ಲಿ, ಕ್ರಾಸ್ ಸ್ಟಿಚ್ಚಿನಲ್ಲಿ, ಅಕ್ಷರ ಅಕ್ಷರವಾಗಿ ಹೊಲಿದಳು. ಹೂವಿಲ್ಲ, ಬಳ್ಳಿಯಿಲ್ಲ, ಚಿತ್ರವಿಲ್ಲ. ತನಗೆ ಬರೆಯಲು ಬಾರದು, ಆಪ್ತರ ಹತ್ತಿರ ಮಾತಾಡುವ ಹಾಗೆ ಹೇಳುತ್ತೇನೆ ಎಂದು ಶುರು ಮಾಡಿ, ದೇವರಲ್ಲಿ ಮೊರೆಯಿಟ್ಟು, ಒಂದು ವಾಕ್ಯದ ನಡುವೆ ನಿಲ್ಲಿಸಿಬಿಟ್ಟಿದ್ದಾಳೆ. ಕೆಳಗೆ ಬಟ್ಟೆ ಖಾಲಿ ಉಳಿದಿದೆ. ಅವಳು ಸಾಯಲಿಲ್ಲ. ಶಾಲೆಯ ಉಪಾಧ್ಯಾಯಿನಿಯಾದಳು, 1889ರವರೆಗೆ, 76 ವರ್ಷ ಬದುಕಿದಳು. ಆ ಬಟ್ಟೆಯೂ ಈಗ ಮಾರ್ಥಾಳ ಪೆಟ್ಟಿಗೆ ಇರುವ ಸಂಗ್ರಹಾಲಯದಲ್ಲೇ ಇದೆ. ಠಾಣೆಯಲ್ಲಿ ಹೇಳಿಕೆ ಕೊಡಲು ಹೆದರುವ ನಮ್ಮ ಸೋದರಿಯರನ್ನು ಕಂಡಾಗಲೆಲ್ಲ ನನಗೆ ಈ ಹುಡುಗಿ ನೆನಪಾಗುತ್ತಾಳೆ. ಅವಳಿಗೆ ಠಾಣೆ ಇರಲಿಲ್ಲ, ಸಂಘ ಇರಲಿಲ್ಲ. ಕೈಗೆ ಸಿಕ್ಕಿದ್ದು ಸೂಜಿ.

ಈಗ ನಮ್ಮ ಊರಿಗೆ, ನಮ್ಮ ಕಾನೂನಿಗೆ ಬರೋಣ. 1882ರ ಮೊದಲಿನ ಇಂಗ್ಲೆಂಡಿನ ಹೆಂಗಸಿಗೆ ಇಲ್ಲದ್ದು ನಮಗೆ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಂ ಪ್ರಕಾರ ಹೆಂಗಸಿನ ಸೊತ್ತಿಗೆ ಅವಳೇ ಪೂರ್ಣ ಒಡತಿ. ಯಾವುದು ಅವಳ ಸೊತ್ತು ಎಂದು ವಿವರಿಸುವಾಗ ಮದುವೆಗೆ ಮೊದಲು, ಮದುವೆಯಲ್ಲಿ, ಮದುವೆಯ ನಂತರ ಬಂದ ಉಡುಗೊರೆಗಳ ಜೊತೆಗೆ ಅವಳು ಸ್ವಂತ ಕೌಶಲದಿಂದ, ಸ್ವಂತ ದುಡಿಮೆಯಿಂದ ಗಳಿಸಿದ್ದನ್ನೂ ಆ ಕಲಂ ಹೇಳುತ್ತದೆ. "ಆ ಪಟ ಒಂದೇ ನಾ ಮಾಡದ್" ಎಂದವಳ ಮಾತನ್ನು ಕಾಯಿದೆ ಆಗಲೇ ಒಪ್ಪಿಕೊಂಡಿತ್ತು. ಒಪ್ಪದೆ ಇದ್ದವಳು ನಾನು.

ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ ಹೇಳಿದ್ದು ಇದು: ಹೆಂಗಸಿನ ಸ್ತ್ರೀಧನ ಗಂಡನ ಮನೆಯಲ್ಲಿ ಇದ್ದ ಮಾತ್ರಕ್ಕೆ ಅದು ಅವರದಾಗುವುದಿಲ್ಲ, ಅವರ ಬಳಿ ನಂಬಿಕೆಯಿಂದ ಇಟ್ಟದ್ದು ಮಾತ್ರ. ಕೇಳಿದಾಗ ಕೊಡದಿದ್ದರೆ ನಂಬಿಕೆದ್ರೋಹದ ಅಪರಾಧ. ಮೊದಲು ದಂಡ ಸಂಹಿತೆಯ 406ನೇ ಕಲಮಿನಲ್ಲಿದ್ದ ಆ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿದೆ. ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯದ 498ಎ ಈಗ 85ನೇ ಕಲಂ. ಹದಿನಾಲ್ಕು ವರ್ಷವಾಯಿತು, ಇನ್ನು ಕೇಳಿ ಏನು ಪ್ರಯೋಜನ ಎಂದು ಸುಮ್ಮನೆ ಕೂರುವವರಿಗೆ ಇನ್ನೊಂದು ಮಾತು: ಸ್ತ್ರೀಧನವನ್ನು ಹಿಡಿದಿಟ್ಟುಕೊಳ್ಳುವುದು ದಿನದಿನವೂ ಮುಂದುವರಿಯುವ ಅಪರಾಧ, ಗಂಡ-ಹೆಂಡತಿ ನ್ಯಾಯಾಲಯದ ಮೂಲಕ ಬೇರೆಯಾಗಿ ಬದುಕುತ್ತಿದ್ದರೂ ಕೇಳುವ ಹಕ್ಕು ಹೋಗುವುದಿಲ್ಲ ಎಂದು ಅದೇ ನ್ಯಾಯಾಲಯ 2015ರಲ್ಲಿ ಹೇಳಿದೆ.

2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ಸ್ತ್ರೀಧನವನ್ನು ಬಳಸಲು ಬಿಡದಿರುವುದು, ಮಾರಿಹಾಕುವುದು ಆ ಕಾಯಿದೆಯ ಪ್ರಕಾರ ಆರ್ಥಿಕ ದೌರ್ಜನ್ಯ. ಅದರ 19ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಸ್ತ್ರೀಧನವನ್ನು ವಾಪಸು ಕೊಡಿಸಬಹುದು. ಅರ್ಜಿ ಕೊಡಲು ವಕೀಲರ ಫೀಸಿಗೆ ಹೆದರಬೇಡಿ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು, ಅಂಗನವಾಡಿಯಲ್ಲಿ ಕೇಳಿದರೆ ಅವರ ಕಚೇರಿಯ ದಾರಿ ಗೊತ್ತಾಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ತುರ್ತಿಗೆ ಮಹಿಳಾ ಸಹಾಯವಾಣಿ 181 ಇದೆ, ಪೊಲೀಸರ 112 ಇದೆ.

ಹೀಗಿದ್ದರೂ ಸೊತ್ತು ಯಾಕೆ ವಾಪಸು ಬರುವುದಿಲ್ಲ? ಬರೆದಿಟ್ಟಿಲ್ಲ, ಅದಕ್ಕೆ. ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರಲ್ಲಿ ಮಾಡಿದ ನಿಯಮಗಳು ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕು ಎನ್ನುತ್ತವೆ. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ಬರೆದು ವಧು ವರ ಇಬ್ಬರೂ ಸಹಿ ಹಾಕಬೇಕು. ಸಹಿ ಬಾರದವರು ಓದಿಸಿಕೊಂಡು ಹೆಬ್ಬೆಟ್ಟು ಒತ್ತಬಹುದು. ಅಲ್ಲಿದ್ದ ನೆಂಟರ ಸಹಿಯನ್ನೂ ಪಡೆಯಬಹುದು. ನಮ್ಮ ಕಡೆ ಎಷ್ಟು ಮದುವೆಗಳಲ್ಲಿ ಇದನ್ನು ಮಾಡಿದ್ದೇವೆ? ಮುಯ್ಯಿ ಬರೆಯಲು ಪುಸ್ತಕ ಇರುತ್ತದೆ, ಅಡಿಗೆಯವರ ಸಾಮಾನಿಗೆ ಚೀಟಿ ಇರುತ್ತದೆ. ಹುಡುಗಿಯ ಸೊತ್ತಿಗೆ ಚೀಟಿ ಇಲ್ಲ.

ನಮ್ಮ ಸಭೆಯಲ್ಲಿ ಈ ಮಾತು ಎತ್ತಿದಾಗ ಒಬ್ಬಳು ಸರಿಯಾದ ಪ್ರಶ್ನೆ ಕೇಳಿದಳು. ವರದಕ್ಷಿಣೆ ಬೇಡ ಎನ್ನುವವರು ನಾವೇ, ಪಟ್ಟಿ ಮಾಡಿ ಎನ್ನುವವರೂ ನಾವೇ. ಇದು ವರದಕ್ಷಿಣೆಯನ್ನು ಒಪ್ಪಿದಂತೆ ಆಗಲಿಲ್ಲವೇ? ಆಗುವುದಿಲ್ಲ. ಗಂಡಿನವರು ಕೇಳಿ ಪಡೆದದ್ದು ವರದಕ್ಷಿಣೆ, ಅದು ಅಪರಾಧ. ಅದನ್ನೂ ಯಾರು ತೆಗೆದುಕೊಂಡರೋ ಅವರು ಮೂರು ತಿಂಗಳೊಳಗೆ ಹುಡುಗಿಗೆ ಕೊಡಬೇಕೆಂದು ಆ ಕಾಯಿದೆಯ 6ನೇ ಕಲಂ ಹೇಳುತ್ತದೆ. ಯಾರೂ ಕೇಳದೆ ಹುಡುಗಿಗೆ ಬಂದದ್ದು, ಹುಡುಗಿಯೇ ಮಾಡಿಕೊಂಡದ್ದು ಅವಳದು. ಇವೆರಡರ ನಡುವೆ ಗೆರೆ ಎಳೆಯುವುದೇ ಪಟ್ಟಿ. ಪಟ್ಟಿ ಇಲ್ಲದಿದ್ದರೆ ಎಲ್ಲವೂ ಕಲಸಿಹೋಗಿ ಕೊನೆಗೆ ಎಲ್ಲವೂ ಗಂಡನ ಮನೆಯದಾಗುತ್ತದೆ.

ಇನ್ನೊಬ್ಬಳು ದೇವರ ಪಟಕ್ಕೆ ಬೆಲೆ ಕಟ್ಟುವುದು ಸರಿಯೇ ಎಂದಳು. ದೇವರಿಗೆ ಬೆಲೆ ಕಟ್ಟುವುದು ಬೇಡ. ಅವಳ ದಿನಗಳಿಗೆ ಕಟ್ಟೋಣ. ಎರಡು ಮಳೆಗಾಲ ಎಂದರೆ ಸುಮಾರು 240 ದಿನ. ದಿನಕ್ಕೆ ಒಂದೂವರೆ ಗಂಟೆ ಕೂತಳು ಎಂದುಕೊಂಡರೆ 360 ಗಂಟೆ. ಎಂಟು ಗಂಟೆಯ ಕೂಲಿ ಲೆಕ್ಕದಲ್ಲಿ 45 ದಿನದ ದುಡಿಮೆ. ನಿಮ್ಮ ಊರಿನ ಒಂದು ದಿನದ ಕೂಲಿಯಿಂದ ಅದನ್ನು ಗುಣಿಸಿ ನೋಡಿ. ನಾನು "ಬರೀ ನೂಲು" ಎಂದದ್ದು ಇದನ್ನು.

ನನ್ನ ಒತ್ತಾಯ ಮೂರು. ಮೊದಲನೆಯದು, ಹೆಣ್ಣು ನೋಡುವ ದಿನ ಹುಡುಗಿಯ ಕಸೂತಿಯನ್ನು, ಹೊಲಿಗೆಯನ್ನು, ರಂಗೋಲಿಯನ್ನು ಸಂತೆಯ ಸಾಮಾನಿನಂತೆ ಮುಂದಿಡುವುದನ್ನು ನಿಲ್ಲಿಸೋಣ. ಎರಡನೆಯದು, ನಾವು ಕೈಯಾರೆ ಮಾಡಿದ ಎಲ್ಲದರ ಮೇಲೂ ಹೆಸರು, ವರ್ಷ ಹಾಕೋಣ. ಈಗಾಗಲೇ ಗೋಡೆಯಲ್ಲಿರುವ ಪಟವನ್ನೂ ಇಳಿಸಿ, ಕಟ್ಟು ಬಿಚ್ಚಿ, ಮೂಲೆಯಲ್ಲಿ ನಾಲ್ಕು ಅಕ್ಷರ ಹೊಲಿದು ಮತ್ತೆ ಹಾಕಬಹುದು. ಮೂರನೆಯದು, ನಮ್ಮ ಸಂಘಗಳ ಯಾವ ಮನೆಯಲ್ಲಿ ಮದುವೆಯಾದರೂ ಹುಡುಗಿಯ ಪಟ್ಟಿ ಬರೆಸಿ, ಸಹಿ ಹಾಕಿಸಿ, ಒಂದು ಪ್ರತಿಯನ್ನು ಸಂಘದ ಕಪಾಟಿನಲ್ಲಿ ಇಡೋಣ. ಉಳಿತಾಯದ ಪುಸ್ತಕದಲ್ಲಿ ಹತ್ತು ರೂಪಾಯಿ ತಪ್ಪಿದರೆ ರಾತ್ರಿ ಕೂತು ಹುಡುಕುವವರು ನಾವು. ಇದು ನಮಗೆ ಕಷ್ಟವಲ್ಲ. ಈಗಾಗಲೇ ಮದುವೆಯಾದವರೂ ನೆನಪಿದ್ದಷ್ಟನ್ನು ಇಂದೇ ಬರೆದು, ಗೊತ್ತಿದ್ದ ಇಬ್ಬರ ಸಹಿ ಹಾಕಿಸಿ ಇಡಲಿ.

ನಮ್ಮ ಸೋದರಿಯ ಅರ್ಜಿ ಈಗ ನ್ಯಾಯಾಲಯದ ಮುಂದಿದೆ. ಪಟ್ಟಿಯನ್ನು ನಾವು ಮತ್ತೆ ಬರೆದೆವು. ಅದರ 11ನೇ ಸಾಲು ಹೀಗಿದೆ: ಯಶೋದೆ-ಕೃಷ್ಣರ ಕಸೂತಿ ಪಟ ಒಂದು, ಅರ್ಜಿದಾರಳು ಮದುವೆಗೆ ಮೊದಲು ತನ್ನ ಕೈಯಿಂದ ಹಾಕಿದ್ದು. ಬರೆಯುವಾಗ ವಕೀಲರು ಒಮ್ಮೆ ತಲೆಯೆತ್ತಿ ನೋಡಿದರು. ಇದೂ ಬೇಕೇ ಎಂದು ಕೇಳಿದರು. ಈ ಸಲ ಬೇಕು ಎಂದು ನಾನು ಹೇಳಿದೆ. ಪಟ ಇನ್ನೂ ಆ ಗೋಡೆಯ ಮೇಲೆಯೇ ಇದೆ. ಮುಂದಿನ ವಿಚಾರಣೆಯ ದಿನ ನಮ್ಮ ಸಂಘದವರು ಅವಳ ಜೊತೆ ಹೋಗುತ್ತೇವೆ. ಬಿಡುವು ಇದ್ದವರು ನೀವೂ ಬನ್ನಿ.